ಇಪ್ಪತ್ತೆರಡು ಉತ್ತರಗಳು

ಎರಡು ದಿನದ ನಾಯಕತ್ವ ಶಿಬಿರ ಮುಗಿಸಿ ಬಂದ ಸೋಮನಾಥ್ ಸೋಮವಾರ ಬೆಳಗ್ಗೆ ಗಾರ್ಮೆಂಟ್ಸ್‌ನ ಗೇಟಿನಲ್ಲಿ ಕಾರಿನ ಗಾಜು ಇಳಿಸಿ, ಸೆಕ್ಯುರಿಟಿ ಹನುಮಯ್ಯನಿಗೆ ತಾವೇ ಮೊದಲು ನಮಸ್ಕಾರ ಹೇಳಿದರು. ಅವರು ಫ್ಯಾಕ್ಟರಿ ಮ್ಯಾನೇಜರ್ ಆಗಿ ಹನ್ನೊಂದು ವರ್ಷವಾಗಿತ್ತು, ಇಂಥದ್ದು ಎಂದೂ ನಡೆದಿರಲಿಲ್ಲ. ಹನುಮಯ್ಯ ತನ್ನ ಕೆಲಸ ಹೋಯಿತೆಂದೇ ತಿಳಿದು, ಗೇಟನ್ನು ತೆರೆದದ್ದು ತೆರೆದಂತೆಯೇ ಬಿಟ್ಟು, ವೆಲ್‌ಫೇರ್ ಮೇಡಂ ಕೋಣೆಗೆ ಓಡಿಬಂದ.

ವೆಲ್‌ಫೇರ್ ಮೇಡಂ ಎಂದರೆ ಮಧುಮತಿ. ಕುಷ್ಟಗಿ ಕಡೆಯವಳು. ಧಾರವಾಡದಲ್ಲಿ ಸಮಾಜಕಾರ್ಯ ಓದಿ, ಬಿಟಿಎಂ ಬಡಾವಣೆಯಲ್ಲಿ ಮೂರನೇ ಮಹಡಿಯ ಒಂದು ಕೋಣೆ ಬಾಡಿಗೆಗೆ ಹಿಡಿದು, ಬೊಮ್ಮನಹಳ್ಳಿಯ ಈ ಗಾರ್ಮೆಂಟ್ಸ್‌ಗೆ ಸೇರಿ ಐದು ತಿಂಗಳಾಗಿತ್ತು. ಇನ್ನೊಂದು ತಿಂಗಳು ಕಳೆದರೆ ಕೆಲಸ ಖಾಯಂ. ಆರುನೂರು ಹೆಂಗಸರ ಕಲ್ಯಾಣ ಅವಳ ಕೈಯಲ್ಲಿತ್ತು. ಅಂದರೆ ರಜಾಚೀಟಿಗಳ ಕಟ್ಟು, ಪ್ರಥಮ ಚಿಕಿತ್ಸೆಯ ಡಬ್ಬಿಯ ಬೀಗದ ಕೈ ಮತ್ತು ಅಳುವವರಿಗೆ ಒಂದು ಕುರ್ಚಿ. ಐದು ತಿಂಗಳಲ್ಲಿ ಅವಳು ಕಲಿತದ್ದು ಎರಡು. ಒಂದು, ಕುಷ್ಟಗಿಯ ಮಾತನ್ನು ಕೋಣೆಯಲ್ಲೇ ಬಿಟ್ಟು ಬಂದು ಇಲ್ಲಿಯವರ ಹಾಗೆ 'ಮಾಡ್ತೀನಿ, ನೋಡ್ತೀನಿ' ಎನ್ನುವುದು. ಎರಡು, ನೋಡಿದ್ದನ್ನು ನೋಡದ ಹಾಗೆ ಬರೆಯುವುದು.

ಎರಡನೆಯದು ಅವಳಿಗೆ ಹಿಂದಿನ ತಿಂಗಳಷ್ಟೇ ಬಂದಿತ್ತು. ಅಲ್ಲಿ ನಲವತ್ತು ಮಷಿನಿನ ಒಂದೊಂದು ಲೈನಿಗೂ ಶೌಚಾಲಯಕ್ಕೆ ಹೋಗಲು ಎರಡೇ ಟೋಕನ್. ಫ್ಲೋರ್ ಇನ್‌ಚಾರ್ಜ್ ನಂದಕುಮಾರನ ಮೇಜಿನ ಪಕ್ಕದ ಮೊಳೆಗೆ ಅವು ನೇತಾಡುತ್ತಿದ್ದವು. ಟೋಕನ್ ಹಿಡಿದು ಹೋದವಳು ಬರುವವರೆಗೆ ಮುಂದಿನವಳು ಕಾಯಬೇಕು, ಬೈಗುಳವನ್ನೂ ಕೇಳಿಸಿಕೊಳ್ಳಬೇಕು. ಈ ಕಷ್ಟವೇ ಬೇಡವೆಂದು ಹೆಚ್ಚಿನವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಐದು ತಿಂಗಳ ಬಸುರಿಯಾಗಿದ್ದ ಶರಣಮ್ಮ ಎಂಬ ಟೈಲರ್ ಕೂಡ ಹಾಗೇ ಬಿಟ್ಟು, ಸೋಂಕಾಗಿ, ಜ್ವರ ಏರಿ, ಮಷಿನಿನ ಮೇಲೇ ಕುಸಿದಿದ್ದಳು. ಮಧುಮತಿಯೇ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ವಾರದ ಮೇಲೆ ಶರಣಮ್ಮ ಕೆಲಸ ಬಿಟ್ಟಾಗ ಪುಸ್ತಕದಲ್ಲಿ ಕಾರಣದ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದ್ದಕ್ಕೆ ನಂದಕುಮಾರ್, "ವೈಯಕ್ತಿಕ ಕಾರಣ ಅಂತ ಬರೀರಿ ಮೇಡಂ, ಇನ್ನೇನು?" ಎಂದಿದ್ದ. ಅವಳು ಬರೆದಿದ್ದಳು. ಅಕ್ಷರ ದುಂಡಗಿತ್ತು.

ಹನುಮಯ್ಯನನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಸೋಮನಾಥ್ ಅವಳನ್ನು ಕ್ಯಾಬಿನ್‌ಗೆ ಕರೆಸಿಕೊಂಡರು.

"ಜನ ಮೊದಲು ಮೇಡಂ. ಪೀಪಲ್ ಫಸ್ಟ್. ಪ್ರೊಡಕ್ಷನ್ ಎಲ್ಲಾ ಆಮೇಲೆ," ಎಂದು, ಗಾಜಿನ ಗೋಡೆಯಾಚೆ ಮೂರನೇ ಲೈನಿನ ಬೋರ್ಡಿನಲ್ಲಿ ಆ ಗಂಟೆ ಎಷ್ಟು ಪೀಸ್ ಆಯಿತೆಂದು ನೋಡಿದರು. ಕಡಿಮೆ ಇತ್ತೇನೋ, ಮುಖ ಗಂಟಿಕ್ಕಿಕೊಂಡು ತಕ್ಷಣ ಸಡಿಲಿಸಿದರು. "ಮೂರು ವಾರದಲ್ಲಿ, ನಮ್ಮ ಬಟ್ಟೆ ಕೊಳ್ಳೋ ಬೈಯರ್ ಕಡೆಯಿಂದ ಆಡಿಟ್ ಬರುತ್ತೆ. ಈ ಸಲ ಬಟ್ಟೆ ನೋಡಲ್ಲ, ನಮ್ಮ ನಾಯಕತ್ವ ನೋಡ್ತಾರೆ. ವರ್ಕರ್ಸ್‌ನ ಒಬ್ಬೊಬ್ರನ್ನೇ ಕೂರಿಸ್ಕೊಂಡು ಪ್ರಶ್ನೆ ಕೇಳ್ತಾರಂತೆ."

ಅವರು ಮುಂದಿಟ್ಟ ಹಾಳೆಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಎದುರಿಗೇ ಉತ್ತರಗಳೂ ಇದ್ದವು. ಶೌಚಾಲಯಕ್ಕೆ ಯಾವಾಗ ಬೇಕಾದರೂ ಹೋಗಬಹುದೇ? ಹೌದು, ಯಾರ ಅಪ್ಪಣೆಯೂ ಬೇಡ. ಮೇಲಿನವರು ಬೈಯುತ್ತಾರೆಯೇ? ಇಲ್ಲ, ಹೆಸರು ಹಿಡಿದು ಗೌರವದಿಂದ ಮಾತನಾಡಿಸುತ್ತಾರೆ. ಮಕ್ಕಳ ಕೋಣೆ ಇದೆಯೇ? ಇದೆ, ನೋಡಿಕೊಳ್ಳಲು ಆಯಾ ಇದ್ದಾರೆ. ಓವರ್‌ಟೈಮ್ ಕಡ್ಡಾಯವೇ? ಇಲ್ಲ, ಇಷ್ಟವಿದ್ದವರು ಮಾತ್ರ ಉಳಿಯುತ್ತಾರೆ. ಹೀಗೇ ಕೊನೆಯವರೆಗೂ.

"ಇದನ್ನ ಎಲ್ರಿಗೂ ಬಾಯಿಪಾಠ ಮಾಡ್ಸಿ. ಒಬ್ರೂ ತಪ್ಪಬಾರ್ದು."

"ಸರ್, ಇದ್ರಲ್ಲಿ ಕೆಲವು ನಮ್ಮಲ್ಲಿ ಇನ್ನೂ ಇಲ್ಲ," ಎಂದಳು ಮಧುಮತಿ. ಮಕ್ಕಳ ಕೋಣೆಯಲ್ಲಿ ಖಾಲಿ ರಟ್ಟಿನ ಡಬ್ಬಗಳನ್ನು ಸೂರಿನವರೆಗೆ ಪೇರಿಸಿಟ್ಟದ್ದು ಅವಳಿಗೆ ಗೊತ್ತಿತ್ತು.

"ಇಲ್ಲ ಅಂತ ಯಾಕೆ ನೆಗೆಟಿವ್ ಆಗಿ ನೋಡ್ತೀರಾ? ಶಿಬಿರದಲ್ಲಿ ಹೇಳಿದ್ರು, ಲೀಡರ್ ಆದವನು ಆಗಿಹೋಗಿದೆ ಅಂತಾನೇ ಮಾತಾಡ್ಬೇಕು ಅಂತ." ಸೋಮನಾಥ್ ನಕ್ಕರು. "ಅಂದಹಾಗೆ ನಿಮ್ಮ ಕನ್ಫರ್ಮೇಷನ್ ಲೆಟರ್‌ಗೂ ಆಡಿಟ್ ಆದ ಮೇಲೇ ಸೈನ್ ಹಾಕೋಣ, ಅಲ್ವಾ?"

ಮಧುಮತಿಗೆ ಒಂದು ಕೆಲಸವನ್ನು ಅರೆಮನಸ್ಸಿನಿಂದ ಮಾಡಲು ಬರುತ್ತಿರಲಿಲ್ಲ. ಅದು ಸುಳ್ಳು ಹೇಳಿಕೊಡುವ ಕೆಲಸವಾದರೂ ಅಷ್ಟೇ. ಮಧ್ಯಾಹ್ನ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಮೂವತ್ತು ಮೂವತ್ತು ಜನರನ್ನು ಕೂರಿಸಿಕೊಂಡು ಪಾಠ ಶುರುಮಾಡಿದಳು. ಮೊದಲೆರಡು ದಿನ ಗಿಣಿಪಾಠವೇ ಆಯಿತು. ಪ್ರಶ್ನೆ ಹಿಂದುಮುಂದಾದರೆ ಉತ್ತರವೂ ಹಿಂದುಮುಂದಾಗುತ್ತಿತ್ತು. ಮೇಲಿನವರು ಬೈಯುತ್ತಾರೆಯೇ ಎಂದು ಕೇಳಿದರೆ ಒಬ್ಬಳು, "ಇಷ್ಟವಿದ್ದವರು ಮಾತ್ರ," ಎಂದುಬಿಟ್ಟಳು. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು.

ಮೂರನೇ ದಿನ ಮಧುಮತಿ ಹಾಳೆಯನ್ನು ಪಕ್ಕಕ್ಕಿಟ್ಟಳು. "ಪದ ನೆನಪಿಟ್ಕೋಬೇಡಿ. ಇದು ಯಾಕೆ ನಮ್ಮ ಹಕ್ಕು ಅಂತ ತಿಳ್ಕೊಂಡ್ರೆ ಉತ್ತರ ತಾನಾಗೇ ಬರುತ್ತೆ," ಎಂದು ಒಂದೊಂದನ್ನೂ ಬಿಡಿಸಿ ಹೇಳತೊಡಗಿದಳು. ಇಷ್ಟು ಹೆಂಗಸರಿದ್ದರೆ ಮಕ್ಕಳ ಕೋಣೆ ಇರಲೇಬೇಕೆಂದು ಯಾವ ಕಾನೂನು ಹೇಳುತ್ತದೆ, ನೀರು ಕುಡಿಯದಿದ್ದರೆ ಮೂತ್ರಕೋಶಕ್ಕೆ ಏನಾಗುತ್ತದೆ, ಒಲ್ಲೆ ಅಂದವರನ್ನು ಸಂಜೆ ಉಳಿಸಿಕೊಳ್ಳಬಹುದೇ, ಇವೆಲ್ಲ ಅವಳು ಓದುವಾಗ ಪರೀಕ್ಷೆಗೆಂದು ಕಲಿತ ವಿಷಯಗಳು. ಹೇಳುತ್ತ ಹೇಳುತ್ತ ಅವಳ ಕಣ್ಣೇ ಹೊಳೆಯುತ್ತಿತ್ತು. ಎದುರಿನವರು ತುತ್ತು ಕೈಯಲ್ಲಿ ಹಿಡಿದೇ ಕೇಳುತ್ತಿದ್ದರು.

ಮೂರನೇ ಲೈನಿನ ಮುನಿಲಕ್ಷ್ಮಮ್ಮ ಇಪ್ಪತ್ತು ವರ್ಷದಿಂದ ಕಾಲರ್ ಹೊಲಿಯುತ್ತಿದ್ದವಳು. ಸಾರಕ್ಕಿಯವಳು, ಕೆರೆಯ ಪಕ್ಕ ಅವಳ ತವರಿನವರ ಸೊಪ್ಪಿನ ತೋಟವಿದ್ದ ಕಡೆ ಈಗ ಯಾರದೋ ಅಪಾರ್ಟ್‌ಮೆಂಟ್ ಇತ್ತು. ಅವಳು ಡಬ್ಬಿ ಮುಚ್ಚಿ ಕೇಳಿದಳು: "ಮೇಡಂ, ಒಂದ್ ಡೌಟು. ನೀವ್ ಹೇಳ್ತಿರೋದು ನಮ್ಮ ಫ್ಯಾಕ್ಟರೀನಾ, ಬೇರೆ ಯಾವ್ದಾದ್ರೂನಾ?"

ಮತ್ತೆ ನಗು. ಮಧುಮತಿಯ ಮುಖ ಕೆಂಪಾಯಿತು. "ಆಡಿಟ್ ಮುಗಿಯೋವರೆಗೂ ನಮ್ದೇ ಅಂದ್ಕೊಳ್ಳಿ, ಅಕ್ಕ."

"ಅಂದ್ಕೊಳ್ಳೋಕೇನು, ಸಖತ್ತಾಗಿದೆ," ಎಂದಳು ಮುನಿಲಕ್ಷ್ಮಮ್ಮ. "ಬರ್ಕೊಡಿ ಒಂದ್ ಕಾಪಿ. ಮನೇಲಿ ಓದ್ಕೋತೀನಿ."

ಆ ರಾತ್ರಿ ಊರಿನಿಂದ ತಾಯಿ ಮುರಿಗೆವ್ವ ಫೋನ್ ಮಾಡಿದಾಗ ಮಧುಮತಿಯ ಗಂಟಲು ಪೂರ್ತಿ ಒಡೆದಿತ್ತು. "ಯಾಕ್ ಧ್ವನಿ ಹೀಂಗಾಗೇದ?"

"ಪಾಠ ಮಾಡಾಕತ್ತೀನಿ ಯವ್ವಾ. ಹೆಣ್ಮಕ್ಕಳಿಗೆ ಕಂಪನಿ ಹೆಂಗದ ಅಂತ ಹೇಳಿಕೊಡ್ತೀನಿ."

"ಅವ್ರೇ ಅದರಾಗ ದುಡಿತಾರಲ್ಲ? ಅವ್ರಿಗೆ ಗೊತ್ತಿರೂದಿಲ್ಲೇನು?" ಎಂದಳು ಮುರಿಗೆವ್ವ. ಮಧುಮತಿ ಊರಿನ ಮಳೆಯ ವಿಷಯ ಕೇಳಿದಳು.

ಆಡಿಟ್ ದಿನ ಗಾರ್ಮೆಂಟ್ಸ್ ಮದುವೆ ಮನೆಯಾಗಿತ್ತು. ಟೋಕನ್‌ಗಳು ಮಾಯವಾಗಿದ್ದವು, ಮೊಳೆಗೆ ಒಂದು ಕ್ಯಾಲೆಂಡರ್ ಬಂದಿತ್ತು. ಮಕ್ಕಳ ಕೋಣೆಯ ಡಬ್ಬಗಳು ಲಾರಿ ಹತ್ತಿ, ಅಲ್ಲಿ ಎರಡು ತೊಟ್ಟಿಲು, ಒಂದು ಮರದ ಕುದುರೆ ಬಂದು, ಒಂದು ದಿನದ ಮಟ್ಟಿಗೆ ಕರೆಸಿದ ಸೊಣ್ಣಮ್ಮ ಎಂಬ ಆಯಾ ಕೂತಿದ್ದಳು. ನಂದಕುಮಾರ್ ಬೆಳಗ್ಗೆಯಿಂದ ಎಲ್ಲರನ್ನೂ ಹೆಸರು ಹಿಡಿದು ಕರೆಯಲು ಒದ್ದಾಡುತ್ತಿದ್ದ. 'ಏಯ್' ಬಿಟ್ಟರೆ ಅವನಿಗೆ ಹತ್ತು ಜನರ ಹೆಸರೂ ಗೊತ್ತಿರಲಿಲ್ಲವಾದ್ದರಿಂದ ಅಂಗೈ ಮೇಲೆ ಬರೆದುಕೊಂಡಿದ್ದ. ಬೆವರಿಗೆ ಅದೂ ಕಲಸಿಹೋಗಿತ್ತು.

ಆಡಿಟ್‌ಗೆ ಬಂದವಳು ಸಂಹಿತಾ ಎಂಬ ಹುಡುಗಿ. ಬೆನ್ನಿಗೊಂದು ಬ್ಯಾಗು, ಕಾಲಿಗೆ ಕ್ಯಾನ್ವಾಸ್ ಶೂ. ಹಾಜರಿ ಪುಸ್ತಕ ತರಿಸಿ, ಕಣ್ಣುಮುಚ್ಚಿ ಪೆನ್ನು ಊರಿ, ಹನ್ನೆರಡು ಹೆಸರು ಆರಿಸಿಕೊಂಡಳು. ಏಳನೆಯದು ಮುನಿಲಕ್ಷ್ಮಮ್ಮನದು. ಸಂದರ್ಶನದ ಹತ್ತಿರ ಯಾರೂ ಸುಳಿಯಬಾರದೆಂದು ನಿಯಮ. ಮಧುಮತಿ ಕ್ಯಾಂಟೀನಿನ ಗಾಜಿನಾಚೆ ನಿಂತು ತುಟಿಗಳು ಅಲ್ಲಾಡುವುದನ್ನು ಮಾತ್ರ ನೋಡಬಹುದಿತ್ತು. ಬೇರೆಯವರೆಲ್ಲ ಹತ್ತು ನಿಮಿಷಕ್ಕೆ ಎದ್ದುಬಂದರು. ಮುನಿಲಕ್ಷ್ಮಮ್ಮ ನಲವತ್ತು ನಿಮಿಷ ಕೂತಳು. 

"ಏನ್ ಹೇಳಿದ್ರಿ?" ಎಂದು ಆಕೆ ಹೊರಬಂದ ಕೂಡಲೇ ಮಧುಮತಿ ಕೇಳಿದಳು.

"ನೀವ್ ಹೇಳಿಕೊಟ್ಟಿದ್ದೇ ಮೇಡಂ. ಒಂದಕ್ಷರ ಬಿಡ್ಲಿಲ್ಲ."

"ಅದಕ್ಕೆ ನಲವತ್ತು ನಿಮಿಷ ಬೇಕಾ?"

"ಆ ಹುಡುಗಿ ಬರ್ಕೊಳ್ಳೋದು ನಿಧಾನ. ಆಮೇಲೆ ನಾನೇ ಒಂದ್ ಮಾತ್ ಅಂದೆ. ಇಷ್ಟೆಲ್ಲಾ ಅನುಕೂಲ ಇದೆ ಅಂತ ಗೋಡೆಗೆ ಬರ್ದು ಹಾಕ್ಸಿ, ಹೊಸದಾಗಿ ಸೇರೋರಿಗೂ ಗೊತ್ತಾಗ್ಲಿ ಅಂತ. ತಪ್ಪಾ?"

ತಪ್ಪೇನೂ ಕಾಣಲಿಲ್ಲ. ಸಂಜೆ ಹೊರಡುವಾಗ ಸಂಹಿತಾ ಮಧುಮತಿಯ ಕೋಣೆಗೆ ಬಂದು ಬ್ಯಾಗಿನ ಜಿಪ್ ಎಳೆಯುತ್ತ, "ಹನ್ನೆರಡೂ ಜನ ಒಂದೇ ಥರ ಉತ್ತರ ಕೊಟ್ರು ಮೇಡಂ. ಪಾಠ ಚೆನ್ನಾಗಿ ಮಾಡಿದೀರ," ಎಂದಳು.

 ಸಂಹಿತಾಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. "ಎಲ್ಲಾ ಇದೆ ಅಂತ ಅವ್ರೇ ಹೇಳಿದ ಮೇಲೆ ನಾನು ಇಲ್ಲ ಅಂತ ಬರೆಯೋಕಾಗಲ್ಲ. ಈ ಇಪ್ಪತ್ತೆರಡನ್ನೂ ಕನ್ನಡದಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡಿಸಿ ಫ್ಲೋರಿನಲ್ಲಿ ಹಾಕ್ಬೇಕು ಅಂತ ರಿಪೋರ್ಟಲ್ಲಿ ಬರ್ದಿದೀನಿ. ಕೆಳಗೆ ನನ್ನ ಫೋನ್ ನಂಬರ್ ಇರ್ಲಿ."

ನೂರಕ್ಕೆ ತೊಂಬತ್ತಾರು ಅಂಕ ಬಂದವು. ಸೋಮನಾಥ್ ಆನಂದಕ್ಕೆ ಇಪ್ಪತ್ತೆರಡು ಉತ್ತರಗಳ ಫಲಕವನ್ನು ಲ್ಯಾಮಿನೇಟ್ ಮಾಡಿಸಿದ್ದಷ್ಟೇ ಅಲ್ಲ, ಚೌಕಟ್ಟನ್ನೂ ಹಾಕಿಸಿ ಫ್ಲೋರಿನ ಗೋಡೆಗೆ ತೂಗಿಸಿದರು. ಮೇಲೆ ತಮ್ಮದೊಂದು ಫೋಟೋ, ಕೆಳಗೆ 'ನಮ್ಮ ಬದ್ಧತೆ' ಎಂಬ ಮಾತು, ತಮ್ಮ ರುಜು. ಉದ್ಯಮಿಗಳ ಸಂಘವೊಂದು ಕೊಡುವ 'ಜನಕೇಂದ್ರಿತ ನಾಯಕ' ಪ್ರಶಸ್ತಿಗೆ ತಮ್ಮ ಹೆಸರನ್ನು ತಾವೇ ಕಳಿಸಿದರು.

ಮುಂದಿನ ಸೋಮವಾರ ಮೊಳೆಯ ಮೇಲಿನ ಕ್ಯಾಲೆಂಡರ್ ಹೋಗಿ ಟೋಕನ್‌ಗಳು ವಾಪಸ್ ಬಂದವು. ಹತ್ತೂವರೆಗೆ ಮುನಿಲಕ್ಷ್ಮಮ್ಮ ಮಷಿನ್ ಆರಿಸಿ, ಸೆರಗು ಸಿಕ್ಕಿಸಿಕೊಂಡು ಎದ್ದಳು. ಟೋಕನ್ ಕಡೆ ತಿರುಗಿಯೂ ನೋಡದೆ ಬಾಗಿಲತ್ತ ನಡೆದಳು.

"ಏಯ್, ಎಲ್ಲಿಗೆ? ಟೋಕನ್ ಎತ್ಕೊಂಡ್ ಹೋಗು!" ನಂದಕುಮಾರ್ ಕೂಗಿದ.

ಮುನಿಲಕ್ಷ್ಮಮ್ಮ ನಿಂತಳು. "ಹೆಸರು ಹಿಡಿದು ಕೂಗಿ ಸಾರ್. ಗೋಡೆ ಮೇಲೆ ಬರ್ದಿದೆ. ಶೌಚಾಲಯಕ್ಕೆ ಅಪ್ಪಣೆ ಬೇಡ ಅಂತಾನೂ ಬರ್ದಿದೆ."

"ಅದು ಆಡಿಟ್‌ಗೆ!"

"ಆಡಿಟ್‌ಗೆ ಅಂದ್ರೆ? ಸುಳ್ಳಾ?"

ಒಂದು ಮಷಿನ್ ನಿಂತಿತು, ಇನ್ನೊಂದು ನಿಂತಿತು. ನೋಡನೋಡುತ್ತಿದ್ದಂತೆ ಮೂರನೇ ಲೈನಿನ ಗರಗರ ಪೂರ್ತಿ ಅಡಗಿ, ಪಕ್ಕದ ಲೈನುಗಳೂ ಒಂದೊಂದಾಗಿ ಸುಮ್ಮನಾದವು. ಅಂಥ ಮೌನವನ್ನು ಕೆಲಸದ ಹೊತ್ತಿನಲ್ಲಿ ಆ ಕಟ್ಟಡ ಕೇಳಿರಲಿಲ್ಲ. ಸೋಮನಾಥ್ ಕ್ಯಾಬಿನ್ನಿನಿಂದ ಓಡೋಡಿ ಇಳಿದರು, ಹಿಂದೆಯೇ ಮಧುಮತಿ.

ಮುನಿಲಕ್ಷ್ಮಮ್ಮ ಧ್ವನಿ ಏರಿಸಲಿಲ್ಲ. "ಸಾರ್, ಆ ಆಡಿಟ್ ಮೇಡಂ ಮುಂದೆ ನಾನು ಟೋಕನ್ ಇಲ್ಲ ಅಂತ ಹೇಳಿದೀನಿ. ನಂದಕುಮಾರ್ ಸಾರ್ ಇದೆ ಅಂತಾರೆ. ಹಂಗಾದ್ರೆ ನಾನ್ ಹೇಳಿದ್ದು ಸುಳ್ಳಾಯ್ತು. ವಯಸ್ಸಾದೋಳು, ಸುಳ್ಳು ಹೇಳಿ ಯಾಕೆ ಪಾಪ ಕಟ್ಕೊಳ್ಲಿ? ನಂಬರ್ ಇದೆಯಲ್ಲ, ಫೋನ್ ಮಾಡಿ ತಪ್ಪಾಯ್ತು ಅಂತೀನಿ."

ಸೋಮನಾಥರಿಗೆ ಶಿಬಿರದಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಂತಿರಲಿಲ್ಲ. ಅವರು ಮಧುಮತಿಯ ಕಡೆ ತಿರುಗಿದರು. "ಮೇಡಂ, ನೀವೇ ಅಲ್ವಾ ಟ್ರೈನ್ ಮಾಡಿದ್ದು? ಇವ್ರಿಗೆ ಸರಿಯಾಗಿ ಅರ್ಥ ಮಾಡ್ಸಿ."

ಆರುನೂರು ಜನ ತನ್ನನ್ನೇ ನೋಡುತ್ತಿದ್ದಾರೆಂದು ಮಧುಮತಿಗೆ ಗೊತ್ತಿತ್ತು. ರುಜು ಬೀಳಬೇಕಾದ ಪತ್ರ ನೆನಪಾಯಿತು. ದುಂಡಗಿನ ಅಕ್ಷರದಲ್ಲಿ ತಾನು ಬರೆದ ಎರಡು ಪದಗಳೂ ನೆನಪಾದವು. ಧೈರ್ಯ ಎಂದು ಕರೆಯುವಂಥದ್ದೇನೂ ಅವಳಿಗೆ ಆಗ ಬರಲಿಲ್ಲ.  ಆದರೆ ಬಾಯಿ ತೆರೆದಾಗ ಇಷ್ಟು ದಿನ ಕೋಣೆಯಲ್ಲಿ ಬಿಟ್ಟು ಬರುತ್ತಿದ್ದ ಮಾತೇ ಬಂತು.

"ಅವ್ರಿಗೆ ಅರ್ಥ ಆಗೇದ್ರೀ ಸರ್. ಅಪ್ಪಣಿ ಬ್ಯಾಡ ಅಂತ ನೀವೇ ಸಹಿ ಮಾಡೀರಿ. ನೀವು ಸುಳ್ಳ ಸಹಿ ಮಾಡೀರಿ ಅಂತ ನಾ ಹೆಂಗ ಹೇಳಲಿ?"

ಹೇಳಿ, ಮೊಳೆಯ ಹತ್ತಿರ ಹೋಗಿ, ಟೋಕನ್‌ಗಳನ್ನೆಲ್ಲ ತೆಗೆದು ಸೋಮನಾಥರ ಕೈಗೇ ಕೊಟ್ಟಳು. ಅವರು ಅವನ್ನು ಹಿಡಿದುಕೊಂಡೇ ಗೋಡೆಯ ಮೇಲಿನ ತಮ್ಮ ಫೋಟೋದತ್ತ ನೋಡಿದರು. ಅಲ್ಲಿ ಅವರು ಬಹಳ ಪ್ರಸನ್ನರಾಗಿದ್ದರು. "ಸರಿ ನಂದಕುಮಾರ್, ಇವೆಲ್ಲ ಯಾಕೆ ಇನ್ನೂ ಇಟ್ಕೊಂಡಿದೀರಾ?" ಎಂದು ಗದರಿ ಮೇಲೆ ಹೋದರು.  ಮುನಿಲಕ್ಷ್ಮಮ್ಮ ಅವಸರವಿಲ್ಲದೆ ಶೌಚಾಲಯಕ್ಕೆ ಹೋದಳು.

ಆಮೇಲೆ ಒಂದೊಂದೇ ಉತ್ತರ ನಿಜವಾಗತೊಡಗಿತು, ಪ್ರತಿಯೊಂದಕ್ಕೂ ಒಂದು ಜಗಳದ ನಂತರ. ನಾಲ್ವರು ಹೆಂಗಸರು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕೆಲಸಕ್ಕೆ ಬಂದು, ಆಯಾ ಎಲ್ಲಿ ಎಂದು ಕೇಳಿದರು. ಸಂಜೆಯೊಳಗೆ ಸೊಣ್ಣಮ್ಮನಿಗೆ ಕರೆಹೋಯಿತು. ನಂದಕುಮಾರ್ ಹೆಸರುಗಳನ್ನು ಕಲಿತ. ಬೈಯುವುದನ್ನು ಬಿಡಲಿಲ್ಲ, ಆದರೆ ಈಗ ಹೆಸರು ಹಿಡಿದು ಬೈಯುತ್ತಿದ್ದ. ಓವರ್‌ಟೈಮ್ ಒಂದು ಮಾತ್ರ ಜಗ್ಗಲಿಲ್ಲ. ಇಷ್ಟವಿದ್ದವರು ಮಾತ್ರ ಉಳಿಯಿರಿ ಎಂದು ಸೋಮನಾಥ್ ಮೈಕಿನಲ್ಲಿ ಹೇಳುತ್ತಿದ್ದರು. ಉಳಿಯದವರ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹಾಗಾಗಿ ಎಲ್ಲರಿಗೂ ಇಷ್ಟವಿತ್ತು.

ಮಧುಮತಿಯ ಕೆಲಸ ಖಾಯಂ ಆಗಲಿಲ್ಲ. 'ತಂಡದ ಮನೋಭಾವ ಇನ್ನೂ ಬೆಳೆಯಬೇಕಿದೆ' ಎಂದು ಪ್ರೊಬೇಷನ್ ಮೂರು ತಿಂಗಳು ಮುಂದೆ ಹೋಯಿತು. ಆ ಪತ್ರವನ್ನು ಚೀಲದಲ್ಲಿಟ್ಟುಕೊಂಡೇ ಅವಳು ಒಂದು ಭಾನುವಾರ ಶ್ರೀನಗರ ಬಡಾವಣೆಗೆ ಹೋಗಿ ಶರಣಮ್ಮನ ಮನೆ ಹುಡುಕಿದಳು. ಶರಣಮ್ಮ ಯಾದಗಿರಿ ಕಡೆಯವಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ತುಂಬಿಕೊಂಡಿತ್ತು.

"ಟೋಕನ್ ತಗದಾರ. ವಾಪಸ್ ಬರ್ರಿ," ಎಂದಳು ಮಧುಮತಿ.

"ನಾ ಬಿಟ್ಟಿದ್ದು ವೈಯಕ್ತಿಕ ಕಾರಣಕ್ಕಂತಲ್ರಿ," ಎಂದಳು ಶರಣಮ್ಮ. "ಬ್ಯಾರೆ ಕಡಿ ಕೆಲಸಕ್ಕ ಹೋದಾಗ ನೀವು ಕೊಟ್ಟ ಚೀಟಿ ನೋಡಿ ಹಂಗಂತ ಓದಿ ಹೇಳಿದ್ರು. ಯಾರ್ ಬರದಾರ್ರಿ ಅದನ್ನ?"

"ನಾನು."

ಶರಣಮ್ಮ ಒಳಗೆ ಹೋಗಿ ಚಹಾ ಮಾಡಿ ತಂದುಕೊಟ್ಟಳು. "ಆಸ್ಪತ್ರ್ಯಾಗ ನನ್ನ ಕೈ ಹಿಡಕೊಂಡು ಕುಂತವ್ರೂ ನೀವೇ," ಎಂದಳು. ಅದನ್ನು ಕ್ಷಮೆ ಎಂದುಕೊಳ್ಳಬೇಕೋ ಲೆಕ್ಕ ಎಂದುಕೊಳ್ಳಬೇಕೋ ಮಧುಮತಿಗೆ ತಿಳಿಯಲಿಲ್ಲ. ಮರುದಿನ ಬೆಳಗ್ಗೆ ಪುಸ್ತಕ ತೆಗೆದು ಆ ಎರಡು ಪದ ಹೊಡೆದುಹಾಕಿ, ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು, ತಾರೀಖು ಹಾಕಿ ಸಹಿ ಮಾಡಿದಳು. ಶರಣಮ್ಮ ಮಾತ್ರ ವಾಪಸ್ ಬರಲಿಲ್ಲ.

ಪ್ರಶಸ್ತಿ ಸೋಮನಾಥರಿಗೇ ಬಂತು. ಜಯನಗರದ ಒಂದು ಸಭಾಂಗಣದಲ್ಲಿ ಸಮಾರಂಭ. ಕಂಪನಿಯ ಇನ್ನೂ ಮೂರು ಫ್ಯಾಕ್ಟರಿಗಳ ಜವಾಬ್ದಾರಿಯೂ ಅವರಿಗೇ ಸಿಗಲಿದೆಯೆಂದು ಸುದ್ದಿಯಿತ್ತು. 'ಜನ'ರ ಪರವಾಗಿ ಮುನಿಲಕ್ಷ್ಮಮ್ಮನನ್ನೂ, ಜನರನ್ನು ಕರೆದುಕೊಂಡು ಬರಲು ಮಧುಮತಿಯನ್ನೂ ಕರೆದಿದ್ದರು. ಇಬ್ಬರೂ ಹಿಂದಿನ ಸಾಲಿನಲ್ಲಿ ಕೂತರು. ಮುನಿಲಕ್ಷ್ಮಮ್ಮ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದಳು.

ಶಾಲು, ಹಾರ, ಫಲಕ ಆದ ಮೇಲೆ ಸೋಮನಾಥ್ ಮೈಕ್ ಹಿಡಿದರು. "ಒಂದು ದಿನ ಫ್ಲೋರಿಗೆ ಇಳಿದೆ. ಒಬ್ಬ ತಾಯಿ ನಿಂತಿದ್ರು. ಅವರ ಕಣ್ಣಲ್ಲಿ ಒಂದು ಪ್ರಶ್ನೆ ಇತ್ತು," ಎಂದು ನಿಲ್ಲಿಸಿದರು.  "ನಾನು ಏನೂ ಮಾತಾಡ್ಲಿಲ್ಲ. ನನ್ನ ಕೈಯಾರೆ ಆ ಟೋಕನ್‌ಗಳನ್ನ ಮೊಳೆಯಿಂದ ತೆಗೆದೆ. ನಾಯಕತ್ವ ಅಂದ್ರೆ ಅಷ್ಟೇ ಸ್ನೇಹಿತರೇ, ಕೇಳಿಸಿಕೊಳ್ಳೋದು."  ಅವರು ಕರ್ಚೀಫು ತೆಗೆದು ನಿಜವಾಗಿಯೂ ಬಂದ ಕಣ್ಣೀರನ್ನು ಒರೆಸಿಕೊಂಡರು.

ಚಪ್ಪಾಳೆಗೆ ಸಭಾಂಗಣ ಅದುರಿತು. ಮಧುಮತಿ ಕೈಕಟ್ಟಿ ಕೂತಿದ್ದಳು, ಕಿವಿ ಬಿಸಿಯಾಗಿತ್ತು. "ಹೆಂಗ ಹೇಳ್ತಾರ ನೋಡ್ರಿ ಅಕ್ಕಾ, ಒಂದಾದ್ರೂ ಖರೇ ಅದ ಏನು?"

ಮುನಿಲಕ್ಷ್ಮಮ್ಮ ಮಾತ್ರ ಕೈತುಂಬ ಚಪ್ಪಾಳೆ ತಟ್ಟುತ್ತಿದ್ದಳು. "ಹೇಳ್ಲಿ ಬಿಡಿ ಮೇಡಂ," ಎಂದಳು. "ಇಷ್ಟು ಜನದ ಮುಂದೆ ಹೇಳಿದಾರೆ. ಇನ್ನು ಆ ಮೂರು ಫ್ಯಾಕ್ಟರೀಲಿ ಹೆಂಗೆ ಟೋಕನ್ ಇಡ್ತಾರೆ?"

ಪಕ್ಕದ ಊಟದ ಹಾಲ್‌ನ ಬಾಗಿಲು ತೆರೆಯಿತು. ಮುಂದಿನ ಸಾಲಿನವರು ಆಗಲೇ ಏಳುತ್ತಿದ್ದರು. ಮುನಿಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು, ಮಧುಮತಿಯ ಮೊಣಕೈ ಹಿಡಿದು, ಪ್ರಶಸ್ತಿ ವಿಜೇತರಿಗಿಂತ ಮೊದಲೇ ಅವಳನ್ನು ಊಟದ ಸಾಲಿನಲ್ಲಿ ನಿಲ್ಲಿಸಿದಳು.